ಫ್ರಾನ್ಸಿನ ಬಾಟಲಿಗೆ ದೊಡ್ಡಪ್ಪನ ಸಕ್ಕರೆ

ಎರಡು ಹಿಡಿ ಸಕ್ಕರೆಯಿಂದ ಒಂದು ಮದುವೆ ಮುರಿಯಬಹುದಾ?

ಮುರಿಯಬಹುದು. ಕಳೆದ ಭಾನುವಾರ ಕುರುಗೋಡಿನ ನಮ್ಮ ಮನೆಯ ಹಿತ್ತಲಲ್ಲಿ, ಬೇವಿನ ಮರದ ಕೆಳಗೆ, ನನ್ನ ತಂಗಿ ನೀಲಾಳ ಮದುವೆ ಇನ್ನೇನು ಮುರಿಯೋದರಲ್ಲಿತ್ತು. ವರದಕ್ಷಿಣೆ ತಕರಾರಲ್ಲ, ಜಾತಕದ ತಕರಾರೂ ಅಲ್ಲ. ಫ್ರಾನ್ಸ್ ದೇಶದ ಒಂದು ಬಾಟಲಿ ವೈನು. ಜೊತೆಗೆ ನಮ್ಮ ದೊಡ್ಡಪ್ಪ.

(ಫ್ರಾನ್ಸಿಗೂ ಕುರುಗೋಡಿಗೂ ಏನು ಸಂಬಂಧ ಅಂತೀರಾ? ಹೇಳ್ತೀನಿ, ತಡೀರಿ.)

ನೀಲಾ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕಡೆ ಕೆಲಸ ಮಾಡ್ತಾಳೆ. ಪ್ಯಾಂಟಿಗೆ ಜಿಪ್ ಕೂರಿಸೋದು ಅವಳ ಪಾಲಿಗೆ ಬಂದ ಕೆಲಸ. ತಿಪ್ಪೇಶ ಅಂತ ಒಬ್ಬ ಹುಡುಗ, ಸಿರುಗುಪ್ಪದವನು, ರೈಸ್ ಮಿಲ್ಲಿನಲ್ಲಿ ಮೆಕ್ಯಾನಿಕ್ಕು. ಇಬ್ಬರಿಗೂ ಬಸ್ಸಿನಲ್ಲಿ ಪರಿಚಯವಾಗಿ, ಪರಿಚಯ ಪ್ರೀತಿಯಾಗಿ, ಪ್ರೀತಿ ಮನೆಯವರ ತನಕ ಬಂತು. ನಮ್ಮ ಅವ್ವ ಒಪ್ಪಿದಳು. ಅವರ ಅವ್ವನೂ ಒಪ್ಪಿದರು. ಅಲ್ಲಿಗೆ ಮುಗೀಬೇಕಿತ್ತಲ್ಲ? ಮುಗೀಲಿಲ್ಲ. ತಿಪ್ಪೇಶನಿಗೆ ಅಪ್ಪ ಇಲ್ಲ. ಸೋದರಮಾವ ಇದ್ದಾರೆ. ಹೆಸರು ಪಂಪಣ್ಣ. ಊರೆಲ್ಲ ಕರೆಯೋದು ಹಡಗಿನ ಮಾವ ಅಂತ. ದೊಡ್ಡ ಪ್ಯಾಸೆಂಜರ್ ಹಡಗಿನ ಅಡುಗೆಮನೆಯಲ್ಲಿ ಕೆಲಸ. ವರ್ಷಕ್ಕೊಂದು ಸಲ ರಜೆಗೆ ಬರ್ತಾರೆ. ಅವರು ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ.

ಈ ಮಾವ ಊಹೂಂ ಅನ್ನೋದರಲ್ಲಿ ಹೆಸರು ಮಾಡಿದವರು. ತಿಪ್ಪೇಶನ ಅಣ್ಣನಿಗೆ ಹೆಣ್ಣು ನೋಡೋಕೆ ಹೋಗಿದ್ದಾಗ, ಹುಳಿ ಇಲ್ಲದ ಮೀನು ಸಾರು ಮಾಡಿ ಅಂತ ಮೊದಲೇ ಹೇಳಿ ಕಳಿಸಿದ್ದರಂತೆ. ಹೆಣ್ಣಿನ ಮನೆಯವರು ಅಭ್ಯಾಸಬಲದಿಂದ ಹುಣಸೆಹಣ್ಣು ಹಿಂಡಿದ್ದರು. ಮಾವ ಒಂದು ತುತ್ತು ತಿಂದು, ಕೈ ತೊಳೆದುಕೊಂಡು, ಎದ್ದು ಬಂದರು. "ಒಂದು ಮಾತು ಹೇಳಿದ್ರ ಕೇಳದ ಮನಿ, ಹುಡುಗಿನ್ನ ಹೆಂಗ ಬೆಳೆಸಿರ್ತಾರ?" ಅಂದರಂತೆ. ಆ ಸಂಬಂಧ ಅಲ್ಲಿಗೇ ಖಲಾಸ್.

ಅಂಥವರು ನಮ್ಮ ಮನೆಗೆ ಬರ್ತಾರೆ ಅಂತ ಸುದ್ದಿ ಬಂತು. ಎರಡು ದಿನ ಮೊದಲು ಫೋನೂ ಬಂತು. ನನಗೇ. ಯಾಕಂದರೆ ಪೇಪರಿಗೆ ಈ ಅಂಕಣ ಬರೆಯೋದರ ಜೊತೆಗೆ ಬಳ್ಳಾರಿಯಲ್ಲಿ ನನ್ನದು ಮೀನು ಫ್ರೈ ಗಾಡಿ ಇದೆ.

"ತಮ್ಮಾ, ನನ್ನ ಹತ್ರ ಒಂದು ಬಾಟ್ಲಿ ಐತಿ. ಫ್ರಾನ್ಸಿಂದು. ವೈಟ್ ವೈನು. ಮೀನಿಗಂತನ ಮಾಡಿದ್ದು."

"ಮೀನಿಗೆ ಕುಡಸಬೇಕೇನ್ರಿ?" ಅಂದೆ.

ನೀಲಾ ಪಕ್ಕದಲ್ಲೇ ಇದ್ದಳು. ಚಿವುಟಿದಳು.

"ಮೀನು ತಿನ್ನೋ ಮಂದಿಗಪ. ಸಮುದ್ರದ ಹತ್ರ ಬೆಳೆಯೋ ದ್ರಾಕ್ಷಿ. ಮೀನು, ಸೀಗಡಿ, ಚಿಪ್ಪು, ಇವಕ್ಕ ಹೊಂದತೈತಿ. ಭಾಳ ಕ್ರಿಸ್ಪ್ ಇರ್ತೈತಿ ಅಂತಾರ."

"ಹಪ್ಪಳ ಕ್ರಿಸ್ಪ್ ಇರ್ತೈತ್ರಿ. ಕುಡಿಯೋದು ಹೆಂಗ ಕ್ರಿಸ್ಪ್ ಇರ್ತೈತಿ?"

"ಅದು ಕುಡಿದೋರಿಗೆ ಗೊತ್ತಾಗತೈತಿ."

"ಕೋಳಿ ತಿನ್ನೋರು ಇದನ್ನ ಕುಡೀಬಾರದೇನ್ರಿ?"

"ಅದಕ್ಕ ಬ್ಯಾರೆ ಐತಿ. ಕುರಿ ಮಾಂಸಕ್ಕ ಕೆಂಪಂದು."

"ಬದನಿಕಾಯಿಗೆ?"

ನೀಲಾ ಫೋನ್ ಕಿತ್ತುಕೊಂಡಳು. ಆಮೇಲಿನ ಹುಕುಂಗಳನ್ನೆಲ್ಲ ಅವಳೇ ಕೇಳಿಸಿಕೊಂಡಳು. ಬಾಟಲಿ ಮೊದಲೇ ಕಳಿಸ್ತಾರೆ, ಅದು ತಣ್ಣಗಿರಬೇಕು, ಆದರೆ ಐಸ್ ಹಾಕಬಾರದು. ಮೀನು ನಮ್ಮ ಹೊಳೆಯದೇ ಆಗಬೇಕು, ಆದರೆ ಖಾರ ಹಾಕಬಾರದು. ಉಪ್ಪು, ಅರಿಶಿನ, ಮುಗೀತು. ಅವರು ಬರೋ ಮೊದಲೇ ಬಾಟಲಿಯ ಮುಚ್ಚಳ ತೆಗೆದಿಟ್ಟಿರಬೇಕು. ಯಾಕೆ? ಹಡಗಿನಲ್ಲಿ ಟೇಬಲ್ಲಿಗೆ ಮುಚ್ಚಳ ತೆಗೆದೇ ತರ್ತಾರಂತೆ.

ನೀವೇ ಹೇಳಿ. ಬಳ್ಳಾರಿ ಕಡೆಯವನಿಗೆ ಖಾರ ಇಲ್ಲದೆ ಮೀನು ಕರಿಯೋಕೆ ಹೇಳಿದರೆ ಹೇಗಿರುತ್ತೆ? ನನ್ನ ಗಾಡಿಗೆ ಬರೋರು ಕಣ್ಣಲ್ಲಿ ನೀರು ಬರದೇ ಇದ್ದರೆ "ಏನಲೇ, ಮೀನಿಗೆ ಹುಷಾರಿಲ್ಲೇನು?" ಅಂತ ಕೇಳ್ತಾರೆ. ನನಗೆ ಈ ನಾಜೂಕೆಲ್ಲ ಆಗಿಬರಲ್ಲ. ತಿನ್ನೋದಕ್ಕೆ ಇಷ್ಟು ಶಾಸ್ತ್ರ ಯಾಕೆ? ಹಸಿವಾದರೆ ತಿನ್ನು, ಬಾಯಾರಿದರೆ ಕುಡಿ. ಅಷ್ಟೇ ಅಲ್ವಾ?

ಇದನ್ನೇ ನೀಲಾಗೆ ಹೇಳಿದೆ. ಅವಳು ಕೂಗಾಡಲಿಲ್ಲ. ಮೆಲ್ಲಗೆ ಹೇಳಿದಳು.

"ಅಣ್ಣಾ, ಇದು ಮುರದ್ರ ನಾ ಇನ್ನೊಬ್ಬರ ಮುಂದ ಚಾದ ಟ್ರೇ ಹಿಡಕೊಂಡು ನಿಂದ್ರಂಗಿಲ್ಲ. ತಿಪ್ಪೇಶನ್ನ ಬಿಟ್ರ ಇಲ್ಲ. ಆ ಒಂದು ದಿನ ನಿನ್ನ ಬಾಯಿ ಮುಚ್ಚಿಕೋ. ಸಾಕು."

ತಂಗಿ ಅಷ್ಟು ಮೆಲ್ಲಗೆ ಮಾತಾಡಿದಾಗ ನನಗೆ ಹೆದರಿಕೆ ಆಗುತ್ತೆ. ಹೂಂ ಅಂದೆ.

ಭಾನುವಾರ ಬೆಳಿಗ್ಗೆ ಬೈಕ್ ಹತ್ತಿ ಸಿರುಗುಪ್ಪಕ್ಕೆ ಹೋದೆ. ಹೊಳೆ ಕಡೆಯಿಂದ ಬಂದ ಎರಡು ದಪ್ಪ ರೋಹು ಹಿಡಿದೆ. ತಿಪ್ಪೇಶ ಬಸ್ ಸ್ಟ್ಯಾಂಡ್ ಹತ್ತಿರ ನಿಂತಿದ್ದ. ಬಾಟಲಿಯನ್ನು ಕೂಸಿನ ಹಾಗೆ ಟವೆಲ್ಲಿನಲ್ಲಿ ಸುತ್ತಿ ಎದೆಗೆ ಅವುಚಿಕೊಂಡಿದ್ದ.

"ಅಣ್ಣಾ, ಕುಲುಕಬ್ಯಾಡ."

"ಸಿರುಗುಪ್ಪದ ರೋಡಿಗೆ ಹೇಳು."

"ಮಾವ ಇದನ್ನ ಯಾರ ಕೈಗೂ ಮುಟ್ಟಾಕ ಕೊಟ್ಟಿಲ್ಲಣ್ಣ. ಬೀರುವಿನಾಗ ಇಟ್ಟು ಕೀಲಿ ಹಾಕಿದ್ದ."

ಬಿಚ್ಚಿ ನೋಡಿದೆ. ಹಸಿರು ಬಾಟಲಿ. ಒಳಗೆ ತೆಳ್ಳನೆಯ, ನಿಂಬೆ ನೀರಿನ ಬಣ್ಣದ್ದು ಏನೋ. ಚೀಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ಒಂದು ಹೆಸರು. ನನ್ನ ಇಂಗ್ಲಿಷು ಬಸ್ಸಿನ ಬೋರ್ಡಿನ ತನಕ ಮಾತ್ರ. ತಿಪ್ಪೇಶ ಓದಿದ: "ಮಸ್ಕಡೆ." ಕೊನೆಯ ಅಕ್ಷರ ಬರೀಬೇಕಂತೆ, ಓದಬಾರದಂತೆ. ಓದದ ಅಕ್ಷರ ಬರೆಯೋದ್ಯಾಕೆ ಅಂತ ಕೇಳೋಕೆ ಹೋದೆ. ತಂಗಿ ನೆನಪಾಗಿ ಬಾಯಿ ಮುಚ್ಚಿಕೊಂಡೆ.

ಕುರುಗೋಡಿಗೆ ಬಂದರೆ ಕರೆಂಟ್ ಇಲ್ಲ. ಫ್ರಿಜ್ಜು ಅನ್ನೋದು ಬಿಳಿ ಬಣ್ಣದ ಬೀರು ಆಗಿತ್ತು. ಬಿಸಿಲು ಹೇಗಿತ್ತು ಅಂತ ಬಳ್ಳಾರಿ ಜಿಲ್ಲೆಯವರಿಗೆ ನಾನು ಹೇಳಬೇಕಿಲ್ಲ. ಉಪಾಯ ಹುಡುಕಿದವಳು ನೀಲಾ. ಫ್ಯಾಕ್ಟರಿಯಿಂದ ತಂದ ದಪ್ಪ ಜೀನ್ಸ್ ತುಂಡೊಂದನ್ನು ನೀರಲ್ಲಿ ಅದ್ದಿ, ಬಾಟಲಿಗೆ ಸುತ್ತಿ, ದಾರ ಕಟ್ಟಿ ಬೇವಿನ ಕೊಂಬೆಗೆ ನೇತುಹಾಕಿದಳು. ನಮ್ಮ ಲಾರಿ ಡ್ರೈವರುಗಳು ನೀರಿನ ಬಾಟಲಿಗೆ ಮಾಡ್ತಾರಲ್ಲ, ಹಾಗೇ. ಗಾಳಿ ಬೀಸಿದಷ್ಟೂ ತಣ್ಣಗಾಗುತ್ತೆ. ಫ್ರಾನ್ಸಿನಿಂದ ಬಂದವನು ಬಳ್ಳಾರಿ ಪ್ಯಾಂಟ್ ಹಾಕಿಕೊಂಡು ಮರದಲ್ಲಿ ತೂಗಾಡ್ತಿದ್ದ.

ಅವ್ವನದು ಒಂದೇ ಕಂಡೀಷನ್. "ಬೀಗರು ಕುಡಿತಾರಂದ್ರ ಕುಡೀಲಿ. ದೇವರ ಗೂಡಿನ ಮುಂದ ಬ್ಯಾಡ. ಹಿತ್ತಲದಾಗ ಕುಂತು ಏನರ ಮಾಡಿಕೊಳ್ರಿ." ಆದ್ದರಿಂದ ಮಂಚ, ಕುರ್ಚಿ ಎಲ್ಲ ಹಿತ್ತಲಿಗೆ ಬಂತು. ನನ್ನ ಒಲೆಯೂ ಅಲ್ಲೇ ಗೋಡೆ ಮೂಲೆಯಲ್ಲಿ.

ಈಗ ದೊಡ್ಡಪ್ಪನ ವಿಷಯ. ನಮ್ಮಪ್ಪ ಇಲ್ಲ, ಹಾಗಾಗಿ ನಮ್ಮ ಕಡೆ ಹಿರಿಯ ಅಂದರೆ ಹನುಮಂತ ದೊಡ್ಡಪ್ಪ. ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಬೀಗರ ಬಾಯಿಗೆ ಹೋಗೋದನ್ನ ಮನೆಯ ಹಿರಿಯರು ಮೊದಲು ರುಚಿ ನೋಡಬೇಕು. ಹೋಳಿಗೆಯಾಗಲಿ, ಸಾರಾಗಲಿ. ಉಪ್ಪು ಹೆಚ್ಚು ಕಡಿಮೆ ಆಗಿ ಬೀಗರ ಮುಂದೆ ಮಾನ ಹೋಗಬಾರದು ಅಂತ. ಒಳ್ಳೆಯ ಪದ್ಧತಿಯೇ. ಆದರೆ ದೊಡ್ಡಪ್ಪ ಅದನ್ನು ಬಾಟಲಿಗೂ ಹಚ್ಚಿದ. ಹೇಳಿದ ಹಾಗೆ ಮುಚ್ಚಳ ತಿರುಗಿಸಿ ತೆಗೆದವನೂ ಅವನೇ. ತೆಗೆದವನು ಲೋಟಕ್ಕೆ ಒಂದು ಗುಟುಕು ಬಗ್ಗಿಸಿಕೊಂಡು ನಾಲಿಗೆಗೆ ಮುಟ್ಟಿಸಿದ.

ಮುಖ ಕಿವುಚಿದ.

"ಕೆಟ್ಟೈತಿ," ಅಂದ.

ದೊಡ್ಡಪ್ಪ ಹರೆಯದಲ್ಲಿ ಆಂಧ್ರದ ಗಡಿ ಕಡೆ ಸೇಂದಿ ಇಳಿಸುವವರ ಜೊತೆ ಇದ್ದವನು. ಸೇಂದಿ ಬೆಳಿಗ್ಗೆ ಮರದಿಂದ ಇಳಿದಾಗ ಸಿಹಿ, ಹೊತ್ತು ಏರಿದಷ್ಟೂ ಹುಳಿ. ಹುಳಿ ಅಂದರೆ ನಿನ್ನೆಯದು. ಅವನ ಲೆಕ್ಕಕ್ಕೆ ಕುಡಿಯೋ ಸಾಮಾನಿನ ವಿದ್ಯೆ ಪೂರ್ತಿ ಅಷ್ಟೇ.

"ಲೇ, ಇಲ್ಲಿ ಬಾ. ನೀ ನೋಡು."

ಮೀನು ಮಗುಚುತ್ತಿದ್ದೆ. ಒಂದು ತುಂಡು ಬಾಯಲ್ಲಿತ್ತು. (ರುಚಿ ನೋಡುವ ಪದ್ಧತಿ ನನಗೂ ಇದೆ.) ಅದರ ಮೇಲೇ ಒಂದು ಗುಟುಕು ಕುಡಿದೆ.

ಹುಳಿ ಹೌದು. ಆದರೆ ನಿಂಬೆಹಣ್ಣು ಹಿಂಡಿದ ಹಾಗೆ. ಸ್ವಲ್ಪ ಉಪ್ಪುಪ್ಪು. ಎಣ್ಣೆಯ ಜಿಡ್ಡು, ಹೊಳೆಮೀನಿನ ಮಣ್ಣುವಾಸನೆ, ಎರಡನ್ನೂ ಗುಡಿಸಿಕೊಂಡು ಹೋಯ್ತು. ಬಾಯಿ ಸ್ವಚ್ಛ. ಇನ್ನೊಂದು ತುಂಡು ಬೇಕು ಅನ್ನಿಸಿತು. ಖಾರ ಯಾಕೆ ಬೇಡ ಅಂದಿದ್ದರು ಅಂತಲೂ ಗೊತ್ತಾಯ್ತು. ಕುಡಿಯೋದು ಹೇಗೆ ಕ್ರಿಸ್ಪ್ ಇರುತ್ತೆ ಅಂತ ಕೇಳಿದ್ದೆನಲ್ಲ? ಇರುತ್ತೆ. ತಪ್ಪೊಪ್ಪಿಕೊಂಡೆ, ಮನಸ್ಸಿನಲ್ಲೇ.

"ಕೆಟ್ಟಿಲ್ಲ ದೊಡ್ಡಪ್ಪ, ಅದು ಇರೋದ ಹಂಗ. ಮೀನಿನ ಸಂಗಾಟ ಚಲೋ ಐತಿ. ಸುಮ್ನ ಇಡು," ಅಂದು ಒಲೆಗೆ ಹೋದೆ. ಎಣ್ಣೆ ಕಾದು ಹೊಗೆ ಬರ್ತಿತ್ತು.

ಅದೇ ತಪ್ಪು. ದೊಡ್ಡಪ್ಪನಿಗೆ ಸುಮ್ಮನಿಡು ಅಂತ ಹೇಳಿ ಬೆನ್ನು ತಿರುಗಿಸಬಾರದು.

ತಟ್ಟೆ ತುಂಬಾ ಮೀನು ತೆಗೆದು ತಿರುಗಿ ನೋಡ್ತೀನಿ, ದೊಡ್ಡಪ್ಪ ಬಾಟಲಿಗೆ ಮತ್ತೆ ಜೀನ್ಸ್ ಸುತ್ತುತ್ತಿದ್ದಾನೆ. ಪಕ್ಕದಲ್ಲಿ ತಂಬಿಗೆ, ಆಲಿಕೆ, ಸಕ್ಕರೆ ಡಬ್ಬಿ. ನೆಲದ ಮೇಲೆ ಏಲಕ್ಕಿ ಸಿಪ್ಪೆ.

"ಏನ್ ಮಾಡಿದಿ ದೊಡ್ಡಪ್ಪ?"

"ಸುದ್ದ ಮಾಡಿದೆ. ಎರಡ ಹಿಡಿ ಸಕ್ಕರಿ. ಒಂದೀಟು ಯಾಲಕ್ಕಿ. ಈಗ ಕುಡಿ ನೋಡು, ಪಾನಕ ಇದ್ದಂಗ ಐತಿ."

"ಅದು ಹುಳಿನ ಇರಬೇಕಿತ್ತು."

"ಬೀಗರಿಗೆ ಹುಳಿ ಕುಡಸ್ತೀಯೇನಲೇ? ನಾಳೆ ಸಿರುಗುಪ್ಪದಾಗ ಏನಂತಾರ? ಹನುಮಂತಪ್ಪನ ಮನ್ಯಾಗ ಕೆಟ್ಟಿದ್ದು ಕೊಟ್ರು ಅಂತಾರ. ಯಾರ ಮಾನ ಹೋಗೋದು? ನಂದು."

ನೀಲಾ ಬಾಗಿಲಲ್ಲಿ ನಿಂತಿದ್ದಳು. ಮುಖ ಸುಣ್ಣದ ಹಾಗಾಗಿತ್ತು. ಹುಣಸೆಹಣ್ಣಿನ ಕತೆ ಅವಳಿಗೂ ಗೊತ್ತು. ಒಂದು ಹಿಡಿ ಹುಣಸೆಹಣ್ಣಿಗೆ ಎದ್ದು ಹೋದವರು, ಬೀರುವಿನಲ್ಲಿ ಕೀಲಿ ಹಾಕಿಟ್ಟ ಬಾಟಲಿಗೆ ಸಕ್ಕರೆ ಬಿದ್ದರೆ ಕೂತಿರ್ತಾರಾ?

ಅಷ್ಟರಲ್ಲಿ ಮುಂದಿನ ಬಾಗಿಲಲ್ಲಿ ಬೈಕ್ ನಿಂತ ಸದ್ದು.

ಹಡಗಿನ ಮಾವ ನಾನು ಅಂದುಕೊಂಡ ಹಾಗಿರಲಿಲ್ಲ. ಸಣ್ಣ ಆಳು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಹಿತ್ತಲಿಗೆ ಬಂದರು, ಮಂಚದ ಮೇಲೆ ಕೂತರು, ಚೀಲಕ್ಕೆ ಕೈ ಹಾಕಿ ಒಂದು ಬನಿಯನ್ ಹೊರಗೆ ತೆಗೆದರು. ಬನಿಯನ್ನೊಳಗೆ ಒಂದು ಗ್ಲಾಸು. ಉದ್ದ ಕಾಲಿನದು. ಒಂದೇ ಒಂದು. ಬೈಕಿನಲ್ಲಿ ಅದು ಒಡೆಯದೆ ಹೇಗೆ ಬಂತೋ ಆ ಬಸವೇಶ್ವರನಿಗೇ ಗೊತ್ತು. ತಿಪ್ಪೇಶ ಹಿಂದೆ ಕೂತು ಚೀಲ ಹಿಡಿದುಕೊಂಡಿದ್ದನಂತೆ, ಕೈ ಇನ್ನೂ ಹಾಗೇ ಮಡಚಿಕೊಂಡಿತ್ತು.

ಮಾವ ಬಾಟಲಿಗೆ ಸುತ್ತಿದ್ದ ಜೀನ್ಸ್ ಬಿಚ್ಚಿದರು. ಬಾಟಲಿ ಮುಟ್ಟಿ ನೋಡಿದರು.

"ತಣ್ಣಗೈತಿ. ಐಸ್ ಹಾಕಿಲ್ಲಲ್ಲ?"

"ಇಲ್ರಿ," ಅಂದೆ. ಐಸ್ ಹಾಕಿರಲಿಲ್ಲ. ಅದು ನಿಜ.

ಗ್ಲಾಸಿಗೆ ಬಗ್ಗಿಸಿ ಬೆಳಕಿಗೆ ಹಿಡಿದರು. ಮಂಜು ಮಂಜು. ಮೇಲೆ ಕರೀದೊಂದು ಚೂರು ತೇಲುತ್ತಿತ್ತು.

"ಇದೇನಿದು, ತೇಲಾಕತ್ತೈತಲ್ಲ?"

ನಾನು ದೊಡ್ಡಪ್ಪನ ಕಡೆ ನೋಡಿದೆ. ದೊಡ್ಡಪ್ಪ ಕಣ್ಣು ಕೂಡ ಮಿಟುಕಿಸಲಿಲ್ಲ.

"ದ್ರಾಕ್ಷಿ ಬೀಜ ಇರಬೇಕು ತಗೀರಿ. ಅಸಲಿ ಮಾಲಿನಾಗ ಇರ್ತಾವ."

ಮಾವ ತಲೆಯಾಡಿಸಿದರು. ಗ್ಲಾಸನ್ನು ಮೂರು ಸುತ್ತು ತಿರುಗಿಸಿ ಮೂಗನ್ನು ಪೂರ್ತಿ ಒಳಗಿಟ್ಟರು. ಹಿತ್ತಲಲ್ಲಿ ಯಾರೂ ಉಸಿರಾಡಲಿಲ್ಲ. ಅವರೊಬ್ಬರೇ ಜೋರಾಗಿ ಎಳೆದುಕೊಂಡರು.

"ಹಡಗಿನಾಗ ಮಂದಿ ಹಿಂಗ ಮೂಗ ಇಟ್ಟು ಏನೇನೋ ಹೇಳ್ತಿದ್ರು. ಒಬ್ಬಾಕಿ ಹಸರ ಸೇಬು ಅಂತಿದ್ಳು. ಒಬ್ಬಾಂವ ಸಮುದ್ರದ ಗಾಳಿ ಅಂತಿದ್ದ. ಸುಳ್ಳು ಹೇಳ್ತಾರ ಮಕ್ಕಳು ಅನ್ಕೊಂಡಿದ್ದೆ. ಇಲ್ಲಪ, ಬರ್ತೈತಿ. ನನಗ ಖರೇನ ಬರ್ತೈತಿ."

"ಏನ್ ಬರ್ತೈತ್ರಿ?" ಅಂದಳು ಅವ್ವ, ಬಾಗಿಲ ಹಿಂದಿನಿಂದ.

"ಯಾಲಕ್ಕಿ."

ತಿಪ್ಪೇಶ ಭಕ್ತಿಯಿಂದ ಮಾವನನ್ನು ನೋಡಿದ. ನಾನು ಒಲೆ ಕಡೆ ತಿರುಗಿದೆ. ನಗು ಬಂದರೂ ಕಷ್ಟ, ಅಳು ಬಂದರೂ ಕಷ್ಟ.

ಮಾವ ಮೀನಿನ ತುಂಡು ಬಾಯಿಗಿಟ್ಟರು. ಅಗಿದರು. ಗ್ಲಾಸ್ ಎತ್ತಿ ಒಂದು ಗುಟುಕು ಕುಡಿದರು. ಕಣ್ಣು ಮುಚ್ಚಿದರು. ಮುಚ್ಚಿದ ಕಣ್ಣು ಎಷ್ಟು ಹೊತ್ತಾದರೂ ತೆಗೀಲಿಲ್ಲ. ಮುಗೀತು ಅಂದುಕೊಂಡೆ. ಕೈ ತೊಳೆಯೋಕೆ ನೀರು ಕೇಳ್ತಾರೆ ಈಗ.

ಕೇಳಲಿಲ್ಲ. ಕಣ್ಣು ತೆಗೆದು ನನ್ನ ಕಡೆ ನೋಡಿ ಹೇಳಿದರು.

"ತಮ್ಮಾ, ಊರ ಮಂದಿಗೆ ನಾ ಹೇಳಿಲ್ಲ, ಇವತ್ತ ಹೇಳ್ತೀನಿ. ನಾ ಹಡಗಿನಾಗ ಅಡಿಗಿ ಮಾಡಂಗಿಲ್ಲ. ಮೀನು ಸುಲಿಯೋದು, ಗ್ಲಾಸು ತೊಳೆಯೋದು. ನಾ ಸುಲಿದ ಮೀನು ತಿಂದು, ನಾ ತೊಳೆದ ಗ್ಲಾಸಿನಾಗ ಇದನ್ನ ಕುಡಿದು, ಮಂದಿ ಹಿಂಗ ಕಣ್ಣು ಮುಚ್ಚತಿದ್ರು. ಒಂದು ದಿನಾನೂ ನಾ ಕುಡದಿಲ್ಲ. ಅಲ್ಲಿ ಕುಡಿಯೋ ಹಂಗಿಲ್ಲ. ಬಂದರದಾಗ ಇಳಿದಾಗ ತಗೊಂಡೆ. ಕುಡಿದ್ರ ನಮ್ಮ ಹೊಳಿ ಮೀನಿನ ಸಂಗಾಟ, ನಮ್ಮ ಮಂದಿ ನಡುವ ಕುಡೀಬೇಕು ಅಂತ ಇಟ್ಟಿದ್ದೆ. ಯಾಕ ಕಣ್ಣು ಮುಚ್ಚತಾರ ಅಂತ ಇವತ್ತ ಗೊತ್ತಾತು. ಇದಕ್ಕ ನೋಡು ಕ್ರಿಸ್ಪ್ ಅನ್ನೋದು."

ಹೇಳಿ. ನೀವಾಗಿದ್ದರೆ ಏನು ಮಾಡ್ತಿದ್ದಿರಿ?

ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ನನಗೆ ಒಳಗೊಂದು ಹೊರಗೊಂದು ಆಗಲ್ಲ. ಸಾಂಬಾರ್ ಕೆಟ್ಟಿದ್ದರೆ ಮದುವೆಮನೆಯಲ್ಲೇ ಹೇಳಿ ಬೈಸಿಕೊಂಡವನು ನಾನು. ಈ ಮನುಷ್ಯ ಇಷ್ಟು ವರ್ಷ ಕಾದ ರುಚಿ ಇದಲ್ಲ. ಅದು ನನ್ನ ಬಾಯಿಗೆ ಬಂದು ಹೋಯ್ತು, ಅವರ ಬಾಯಿಗೆ ಬರಲಿಲ್ಲ. ಹೇಳಬೇಕು ಅಂತ ಬಾಯಿ ತೆರೆದೆ. ನೀಲಾ ಮೀನಿನ ತಟ್ಟೆ ತಗೊಳ್ಳುವ ನೆಪದಲ್ಲಿ ಬಂದು ನನ್ನ ಕಾಲಿನ ಮೇಲೆ ನಿಂತಳು. ಪೂರ್ತಿ ಭಾರ ಹಾಕಿ ನಿಂತಳು.

ಅಷ್ಟು ಸಾಲದು ಅಂತ ಮಾವ ಲೋಟಕ್ಕೆ ಸ್ವಲ್ಪ ಬಗ್ಗಿಸಿ ನನ್ನ ಕೈಗೇ ಕೊಟ್ಟರು.

"ನೀ ಇದ್ದದ್ದು ಇದ್ದಂಗ ಹೇಳೋ ಹುಡುಗ ಅಂತ ತಿಪ್ಪ ಹೇಳ್ಯಾನ. ಕುಡಿ. ಹೆಂಗೈತಿ ಹೇಳು."

ಕುಡಿದೆ. ಜಾತ್ರೆಯ ಶರಬತ್ತು. ದೊಡ್ಡಪ್ಪ ನನ್ನನ್ನೇ ನೋಡ್ತಿದ್ದ. ನೀಲಾ ನೆಲ ನೋಡ್ತಿದ್ದಳು, ಕಾಲು ಮಾತ್ರ ತೆಗೆದಿರಲಿಲ್ಲ. ಜೀವನದಲ್ಲಿ ಮೊದಲ ಸಲ ನನಗೆ ನಿಜ ಹುಡುಕೋದು ಕಷ್ಟವಾಯ್ತು. ಕೊನೆಗೂ ಒಂದು ಸಿಕ್ಕಿತು.

"ಸಿಹಿ ಐತ್ರಿ," ಅಂದೆ.

"ಹೌದಲ್ಲ?" ಅಂದರು ಮಾವ. ಮುಖ ಅರಳಿತು. "ನನಗೂ ಹಂಗ ಅನಸ್ತು. ಹೇಳಿದ್ರ ನಗತೀರೇನೋ ಅಂತ ಸುಮ್ನಿದ್ದೆ."

ಆಮೇಲೆ ಅವ್ವನನ್ನು ಕರೆದು, ದೊಡ್ಡಪ್ಪನ ಕೈ ಹಿಡಿದು, ಹೇಳಿದರು. "ಐಸ್ ಬ್ಯಾಡ ಅಂದೆ, ಹಾಕಿಲ್ಲ. ಖಾರ ಬ್ಯಾಡ ಅಂದೆ, ಹಾಕಿಲ್ಲ. ಹೇಳಿದ್ದನ್ನ ಹೇಳಿದಂಗ ಮಾಡೋ ಮನಿ ಇದು. ಹುಡುಗಿ ನಮ್ಮಾಕಿ."

ದೊಡ್ಡಪ್ಪ ವಿನಯದಿಂದ ಕೈ ಮುಗಿದ. "ನಮ್ಮದೇನೈತ್ರಿ, ಎಲ್ಲಾ ನಿಮ್ಮ ಬಾಟ್ಲಿದು."

ಅವತ್ತು ಸಂಜೆ ಬಳ್ಳಾರಿಗೆ ವಾಪಸ್ ಬರುವಾಗ ಬೈಕಿನ ಮೇಲೆ ಯೋಚನೆ ಮಾಡ್ತಾ ಬಂದೆ. ದೊಡ್ಡಪ್ಪನೊಬ್ಬನೇನಾ ಸಕ್ಕರೆ ಹಾಕಿದ್ದು? ನೀಲಾಳ ಬಯೋಡಾಟಾದಲ್ಲಿ ಫ್ಯಾಷನ್ ಡಿಸೈನ್ ಅಂತಿದೆ. ಕೂರಿಸೋದು ಜಿಪ್ಪು. ತಿಪ್ಪೇಶನದರಲ್ಲಿ ಇಂಜಿನಿಯರ್ ಅಂತಿದೆ. ಹಾಕೋದು ಮಿಲ್ಲಿನ ಬೆಲ್ಟು. ಮಾವ ಊರಿಗೆಲ್ಲ ಹಡಗಿನ ಅಡುಗೆಯವರು. ನಮ್ಮ ಮಂಚದ ಮೇಲೆ ಹಾಸಿದ್ದ ಹೊಸ ಚಾದರ ಪಕ್ಕದ ಮನೆಯದು. ಹೆಣ್ಣು ನೋಡೋ ಶಾಸ್ತ್ರ ಅಂದರೇನೇ ಎರಡು ಕಡೆಯವರೂ ತಮ್ಮ ತಮ್ಮ ಬಾಟಲಿಗೆ ಸಕ್ಕರೆ ಕದಡೋದು. ಎಲ್ಲಿ ಹುಳಿ ಗೊತ್ತಾಗಿಬಿಡುತ್ತೋ ಅನ್ನೋ ಹೆದರಿಕೆ. ಹುಳಿಯೇ ಅದರ ರುಚಿ ಆಗಿದ್ದರೂ ಕೂಡ. ಜಿಪ್ ಕೂರಿಸೋ ಹುಡುಗಿಗೆ ಬೆಲ್ಟ್ ಹಾಕೋ ಹುಡುಗ ಹೊಂದೋದಿಲ್ವಾ? ಮೀನಿಗೆ ಆ ಹುಳಿ ಹೊಂದಿದ ಹಾಗೆ ಹೊಂದ್ತಾರೆ. ಅವರಿಬ್ಬರಿಗೆ ಬಸ್ಸಿನಲ್ಲೇ ಅದು ಗೊತ್ತಾಗಿತ್ತು. ಗೊತ್ತಾಗಬೇಕಿದ್ದದ್ದು ನಮಗೆ.

ಇಷ್ಟೆಲ್ಲ ಪೇಪರಿನಲ್ಲಿ ಬರೀತಿದ್ದೀಯಲ್ಲ, ಮಾವ ಓದಲ್ವಾ ಅಂತ ಕೇಳಬೇಡಿ. ಸಿರುಗುಪ್ಪದ ಅವರ ಮನೆಗೆ ಬರೋದು ತೆಲುಗು ಪೇಪರು. ಅದನ್ನು ಖಾತ್ರಿ ಮಾಡಿಕೊಂಡೇ ಬರೀತಿದ್ದೀನಿ.

ನನ್ನ ಚಿಂತೆ ಬೇರೆ. ನಿನ್ನೆ ಮಾವ ಫೋನ್ ಮಾಡಿದ್ದರು. ಮದುವೆಗೆ ಅದೇ ಬಾಟಲಿ ಇನ್ನೂ ನಾಲ್ಕು ತರ್ತಾರಂತೆ. ಅದೇ ಏಲಕ್ಕಿ ಘಮ, ಅದೇ ರುಚಿ, ಬೀಗರೆಲ್ಲರಿಗೂ ತೋರಿಸಬೇಕಂತೆ. ಈ ಸಲ ಮುಚ್ಚಳ ಅವರೇ, ಎಲ್ಲರ ಮುಂದೆ, ಸ್ವಂತ ಕೈಯಿಂದ ತೆಗೀತಾರಂತೆ. ಸುದ್ದಿ ಕೇಳಿದ ದೊಡ್ಡಪ್ಪ ಆಗಲೇ ಏಲಕ್ಕಿ ತಂದಿಟ್ಟಿದ್ದಾನೆ.

ಮುಚ್ಚಳ ತೆಗೆಯದೆ ಬಾಟಲಿಗೆ ಸಕ್ಕರೆ ಹಾಕೋದು ನಿಮ್ಮಲ್ಲಿ ಯಾರಿಗಾದರೂ ಗೊತ್ತಾ?